ಮನೆಗೂ ಹೊತ್ತಿಗೊಂದು ಕರೆಂಟ್ ದರ ಬಂದರೆ? ಸ್ಮಾರ್ಟ್ ಮೀಟರ್, ಪೀಕ್ ಅವರ್, ಪಂಪ್‌ಸೆಟ್ ಬಗ್ಗೆ ಚರ್ಚೆ

ಮಹಡಿ_ಮನೆ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸಂಘದಲ್ಲಿ ನೀರು, ಕರೆಂಟ್ ಲೆಕ್ಕ ನೋಡಿಕೊಳ್ಳುತ್ತೇನೆ. ಮೀಟಿಂಗ್‌ನಲ್ಲಿ ಒಬ್ಬರು ಕೇಳಿದರು: ಮನೆಗಳಿಗೂ ಟೈಮ್ ಆಫ್ ಡೇ ದರ, ಅಂದರೆ ಹೊತ್ತಿಗೊಂದು ದರ, ಬಂದರೆ ನಮಗೆ ಲಾಭವೋ ನಷ್ಟವೋ? ಸುಮ್ನೆ ಏನೋ ಹೇಳಿ ಜಾರಿಕೊಳ್ಳಲು ಮನಸ್ಸಾಗಲಿಲ್ಲ. ಓದಲು ಕೂತೆ.

2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದಿದೆ. ಅದರ ಪ್ರಕಾರ ಬಿಸಿಲಿರುವ ಎಂಟು ಗಂಟೆ ದರ ಮಾಮೂಲಿಗಿಂತ ಕನಿಷ್ಠ ಶೇ 20 ಕಮ್ಮಿ ಇರಬೇಕು. ಪೀಕ್ ಹೊತ್ತಿನಲ್ಲಿ, ಅಂದರೆ ಎಲ್ಲರೂ ಒಟ್ಟಿಗೆ ಬಳಸುವಾಗ, ಅಂಗಡಿ, ಕಾರ್ಖಾನೆಗಳಿಗೆ ಕನಿಷ್ಠ ಶೇ 20 ಜಾಸ್ತಿ. ಮನೆಯಂಥ ಉಳಿದವರಿಗೆ ಕನಿಷ್ಠ ಶೇ 10 ಜಾಸ್ತಿ. 10 ಕಿಲೋವಾಟ್ ಮೀರಿದ ವಾಣಿಜ್ಯ, ಕೈಗಾರಿಕೆ ಗ್ರಾಹಕರಿಗೆ 2024ರ ಏಪ್ರಿಲ್ 1 ಗಡುವು ಆಗಿತ್ತು. ಕೃಷಿ ಬಿಟ್ಟು ಉಳಿದವರಿಗೆ 2025ರ ಏಪ್ರಿಲ್ 1. ಯಾವ ಗಂಟೆಗೆ ಎಷ್ಟು ಅನ್ನುವುದನ್ನು ಆಯಾ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಗೊತ್ತುಮಾಡಬೇಕು. ಯಾವ ಹೊತ್ತಿಗೆ ಎಷ್ಟು ಬಳಸಿದಿರಿ ಅಂತ ಬರೆದಿಡುವ ಸ್ಮಾರ್ಟ್ ಮೀಟರ್ ಇಲ್ಲದೆ ಇದ್ಯಾವುದೂ ನಡೆಯಲ್ಲ.

ಈಗ ಲೆಕ್ಕ ನೋಡಿ. ಯೂನಿಟ್‌ಗೆ ಸುಮಾರು 6 ರೂಪಾಯಿ ಅಂದುಕೊಳ್ಳೋಣ. ಪೀಕ್‌ಗೂ ಬಿಸಿಲಿನ ಹೊತ್ತಿಗೂ ನಡುವೆ ಶೇ 30 ಅಂತರ, ಅಂದರೆ 1 ರೂಪಾಯಿ 80 ಪೈಸೆ. ದಿನಕ್ಕೆ 2 ಯೂನಿಟ್ ಸಂಜೆಯಿಂದ ಮಧ್ಯಾಹ್ನಕ್ಕೆ ಸರಿಸಿದರೆ ತಿಂಗಳಿಗೆ 108 ರೂಪಾಯಿ ಉಳಿತಾಯ. ಇಷ್ಟಕ್ಕೆ ಯಾರಾದರೂ ಅಭ್ಯಾಸ ಬದಲಿಸುತ್ತಾರಾ? ನಿಮ್ಮ ಅಭಿಪ್ರಾಯ ಹೇಳಿ.

ಫಿಲ್ಟರ್_ಕಾಫಿ
108 ರೂಪಾಯಿಗೆ ನಮ್ಮ ಏರಿಯಾದಲ್ಲಿ ಒಂದು ಮಸಾಲೆ ದೋಸೆ, ಒಂದು ಕಾಫಿ. ಅದಕ್ಕೋಸ್ಕರ ಅರ್ಧರಾತ್ರಿ ಎದ್ದು ವಾಷಿಂಗ್ ಮಷಿನ್ ಹಾಕು ಅಂದರೆ ನಮ್ಮನೆಯಲ್ಲಿ ನನ್ನನ್ನೇ ಹೊರಗೆ ಹಾಕುತ್ತಾರೆ.

ಮಹಡಿ_ಮನೆ
ಅರ್ಧರಾತ್ರಿ ಅಲ್ಲ ಸ್ವಾಮಿ, ಮಟಮಟ ಮಧ್ಯಾಹ್ನ.

ರಿಟೈರ್ಡ್_ಎಇಇ
ನೂರೆಂಟು ರೂಪಾಯಿ ನಿಮ್ಮ ಕಡೆಯ ಲೆಕ್ಕ. ಕರೆಂಟ್ ಕೊಂಡು ತರುವವರ ಕಡೆಯ ಲೆಕ್ಕ ಬೇರೆಯೇ ಇದೆ.

ಸಾಲದೆ ಬಿದ್ದ ಕರೆಂಟನ್ನು ಸರಬರಾಜು ಕಂಪನಿಗಳು ಎಕ್ಸ್‌ಚೇಂಜ್‌ನಲ್ಲಿ, ಅಂದರೆ ಕರೆಂಟಿನ ಸಗಟು ಸಂತೆಯಲ್ಲಿ, ಕೊಳ್ಳುತ್ತವೆ. ಅಲ್ಲಿ ಹದಿನೈದು ನಿಮಿಷಕ್ಕೊಂದು ದರ. ಬಿಸಿಲಿರುವಾಗ ಯೂನಿಟ್ ಎರಡು ಮೂರು ರೂಪಾಯಿಗೆ ಸಿಗುವ ದಿನಗಳಿವೆ. ಅದೇ ದಿನ ಸೂರ್ಯ ಮುಳುಗಿದ ಮೇಲೆ 10 ರೂಪಾಯಿ. 10ಕ್ಕೆ ನಿಲ್ಲುವುದು ಅದು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಹಾಕಿದ ಮಿತಿ ಅಂತ, ಇಲ್ಲದಿದ್ದರೆ ಇನ್ನೂ ಏರುತ್ತಿತ್ತು. ಇಷ್ಟು ಕೊಟ್ಟು ತಂದದ್ದನ್ನು ನಿಮಗೆ 6 ರೂಪಾಯಿಗೆ ಕೊಡುತ್ತಾರೆ. ಆ ವ್ಯತ್ಯಾಸ ಗಾಳಿಯಲ್ಲಿ ಕರಗಲ್ಲ. ಮುಂದಿನ ವರ್ಷದ ದರ ಏರಿಕೆಯಲ್ಲಿ ಎಲ್ಲರ ಬಿಲ್‌ಗೂ ಬಂದು ಕೂರುತ್ತದೆ.

ಇನ್ನೊಂದು ವಿಷಯ. ಗ್ರಿಡ್‌ನಲ್ಲಿ, ಅಂದರೆ ಕರೆಂಟ್ ಲೈನ್‌ಗಳ ಇಡೀ ಜಾಲದಲ್ಲಿ, ಕರೆಂಟ್ ಕೂಡಿಡಲು ಜಾಗ ತೀರಾ ಕಮ್ಮಿ. ಆ ಕ್ಷಣ ಎಷ್ಟು ಬಳಕೆಯೋ ಅಷ್ಟೇ ಉತ್ಪಾದನೆ ಇರಬೇಕು. ಬಳಕೆ ಜಾಸ್ತಿಯಾದರೆ, ತುಂಬಿದ ಬಸ್ಸು ಘಾಟಿ ಹತ್ತುವಾಗ ಎಂಜಿನ್ ಏದುಸಿರು ಬಿಡುವ ಹಾಗೆ, 50 ಹರ್ಟ್ಸ್ ಇರಬೇಕಾದ ಫ್ರೀಕ್ವೆನ್ಸಿ ಕೆಳಗಿಳಿಯುತ್ತದೆ. ತುಂಬಾ ಇಳಿದರೆ ರಿಲೇ ಅನ್ನುವ ಕಾವಲು ಸ್ವಿಚ್‌ಗಳು ತಾವಾಗಿಯೇ ಫೀಡರ್‌ಗಳನ್ನು, ಅಂದರೆ ಊರುಗಳಿಗೆ ಹೋಗುವ ಲೈನ್‌ಗಳನ್ನು, ಕತ್ತರಿಸುತ್ತವೆ. ನಾವು ಸರ್ವಿಸ್‌ನಲ್ಲಿದ್ದಾಗ ರೇಸ್ ಕೋರ್ಸ್ ರಸ್ತೆಯ ಲೋಡ್ ಡಿಸ್ಪ್ಯಾಚ್ ಸೆಂಟರ್‌ನಿಂದ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತಿತ್ತು. ಯಾವ ಊರಿನ ಕರೆಂಟ್ ತೆಗೆಯಬೇಕೋ ಅಂತ.

ಜನ ಒಟ್ಟಿಗೆ ಸ್ವಿಚ್ ಒತ್ತಿದರೆ ಏನಾಗುತ್ತೆ ಅಂತ ನಮ್ಮ ದೇಶ ಒಂದು ಸಲ ನೋಡಿದೆ. 2020ರ ಏಪ್ರಿಲ್ 5, ಲಾಕ್‌ಡೌನ್ ಸಮಯ, ರಾತ್ರಿ 9ಕ್ಕೆ ಒಂಬತ್ತು ನಿಮಿಷ ದೀಪ ಆರಿಸಿ ಅಂದಿದ್ದರು. ದೇಶದ ಬೇಡಿಕೆ ಅರ್ಧ ಗಂಟೆಯೊಳಗೆ 31,000 ಮೆಗಾವಾಟ್‌ನಷ್ಟು ಇಳಿಯಿತು. ಆಮೇಲೆ ಮತ್ತೆ ಮೇಲೆದ್ದಿತು. ಗ್ರಿಡ್ ಬೀಳಲಿಲ್ಲ, ಯಾಕೆಂದರೆ ಮೊದಲೇ ಗೊತ್ತಿತ್ತು. ಜಲವಿದ್ಯುತ್ ಘಟಕಗಳನ್ನು ಇಳಿಸಿ ಏರಿಸಲು ಸಿದ್ಧ ಮಾಡಿಕೊಂಡಿದ್ದರು. ಸ್ವಿಚ್ ಮುಟ್ಟಲು ನಮ್ಮ ಜನಕ್ಕೆ ಬರುತ್ತೆ. ಕೇಳುವವರು ಬೇಕು, ಕೇಳುವ ಕಾರಣ ಬೇಕು.

ರೀಡಿಂಗ್_ಕನ್ನಡಿಗ
ಇಲ್ಲಿ ಇಂಗ್ಲೆಂಡ್‌ನಲ್ಲಿ ಕೇಳಿದರು, ದುಡ್ಡನ್ನೂ ಕೊಟ್ಟರು. ಅನುಭವ ಹೇಳುತ್ತೇನೆ.

2022ರ ನವೆಂಬರ್‌ನಲ್ಲಿ ಇಲ್ಲಿನ ಗ್ರಿಡ್ ಆಪರೇಟರ್ ಡಿಮ್ಯಾಂಡ್ ಫ್ಲೆಕ್ಸಿಬಿಲಿಟಿ ಸರ್ವಿಸ್ ಅಂತ ಶುರು ಮಾಡಿದರು. ಉಕ್ರೇನ್ ಯುದ್ಧದಿಂದ ಗ್ಯಾಸ್ ಬೆಲೆ ಆಕಾಶಕ್ಕೆ ಹೋಗಿದ್ದ ಚಳಿಗಾಲ ಅದು. ಅರ್ಧ ಗಂಟೆಗೊಮ್ಮೆ ಲೆಕ್ಕ ಕಳಿಸುವ ಸ್ಮಾರ್ಟ್ ಮೀಟರ್ ಇದ್ದವರು ಸೇರಬಹುದಿತ್ತು. ಮೆಸೇಜ್ ಬರುತ್ತಿತ್ತು: ನಾಳೆ ಸಂಜೆ 5ರಿಂದ 6, ಬಳಕೆ ಇಳಿಸಿದರೆ ಹಣ. ಟೆಸ್ಟ್‌ಗಳಿಗೆ ಆಪರೇಟರ್ ಗೊತ್ತುಮಾಡಿದ್ದ ದರ ಯೂನಿಟ್‌ಗೆ 3 ಪೌಂಡ್, ಸುಮಾರು 300 ರೂಪಾಯಿ! ಅದರಲ್ಲಿ ನಮ್ಮ ಕಂಪನಿ ಒಂದು ಪಾಲು ಇಟ್ಟುಕೊಂಡು ಉಳಿದದ್ದನ್ನು ನಮಗೆ ದಾಟಿಸುತ್ತಿತ್ತು. ಟೆಸ್ಟ್ ಅಲ್ಲದೆ ನಿಜವಾಗಿ ಬೇಕಾಗಿ ಮೊದಲ ಸಲ ಕರೆದದ್ದು 2023ರ ಜನವರಿ 23ರ ಸಂಜೆ. ಆ ಚಳಿಗಾಲದಲ್ಲಿ ಸುಮಾರು 16 ಲಕ್ಷ ಮನೆ, ಅಂಗಡಿಗಳು ಸೇರಿದ್ದವು. ಒಟ್ಟು 33 ಲಕ್ಷ ಯೂನಿಟ್‌ಗೂ ಜಾಸ್ತಿ ಉಳಿಯಿತು.

ನಮ್ಮನೆಯಲ್ಲಿ ಏನು ಮಾಡಿದೆವು ಅಂದರೆ ನಾಲ್ಕು ಗಂಟೆಗೇ ಬಿಸಿಬೇಳೆಬಾತ್ ಮಾಡಿ ಮುಚ್ಚಿಟ್ಟೆವು. ಡಿಶ್‌ವಾಷರ್ ರಾತ್ರಿಗೆ. ಮಕ್ಕಳು ಟಾರ್ಚ್ ಹಿಡಿದು ಕಳ್ಳ ಪೊಲೀಸ್ ಆಡಿದರು. ಮಾರನೇ ದಿನ ಆ್ಯಪ್‌ನಲ್ಲಿ ಪಾಯಿಂಟ್ ಬಂದಿದೆಯಾ ಅಂತ ಅವರೇ ನೋಡುತ್ತಿದ್ದರು. ದೊಡ್ಡ ಮೊತ್ತವೇನಲ್ಲ. ಆದರೆ ಕರೆಂಟ್‌ಗೆ ಹೊತ್ತು ಅಂತ ಒಂದಿದೆ ಅನ್ನುವುದು ಮನೆಮಂದಿಗೆಲ್ಲ ತಿಳಿಯಿತು. ಮುಂದೆ ಆ ಖಚಿತ ದರ ಹೋಯಿತು. ಸಿಗುವ ಹಣ ಇಳಿಯಿತು, ಜನರ ಹುಮ್ಮಸ್ಸೂ ಇಳಿಯಿತು.

ಸುಮ್ನೆ_ಕೇಳ್ತೀನಿ
ಇಳಿಸಿದ್ದೀರಿ ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ? ಬಳಸಿದ್ದನ್ನು ಮೀಟರ್ ಅಳೆಯುತ್ತೆ. ಬಳಸದೇ ಇದ್ದದ್ದನ್ನು ಅಳೆಯುವ ಮೀಟರ್ ಎಲ್ಲಿದೆ?

ರೀಡಿಂಗ್_ಕನ್ನಡಿಗ
ಇಡೀ ಯೋಜನೆಯ ಗಂಟು ಇರುವುದೇ ಅಲ್ಲಿ. ಬೇಸ್‌ಲೈನ್ ಅಂತ ಒಂದು ಲೆಕ್ಕ ಇದೆ. ಹಿಂದಿನ ಹತ್ತು ಅಂಥದೇ ದಿನಗಳಲ್ಲಿ ಅದೇ ಹೊತ್ತಿಗೆ ಎಷ್ಟು ಬಳಸಿದ್ದೀರಿ ಅನ್ನುವ ಸರಾಸರಿ. ಅದನ್ನು ಆ ದಿನ ಸೆಷನ್‌ಗೆ ಮುಂಚಿನ ಕೆಲವು ಗಂಟೆಗಳ ಬಳಕೆ ನೋಡಿ ಮೇಲೆ ಕೆಳಗೆ ಮಾಡುತ್ತಾರೆ. ಹಾಗಾಗಿ ಕಿಲಾಡಿಗಳು ಆ ಗಂಟೆಗಳಲ್ಲಿ ಬೇಕೆಂತಲೇ ಓವನ್, ಹೀಟರ್ ಹಚ್ಚಿ ಬೇಸ್‌ಲೈನ್ ಏರಿಸಿಕೊಳ್ಳಲು ದಾರಿ ಇತ್ತು. ಮೊದಲಿಂದಲೂ ಹಿಡಿತದಲ್ಲಿ ಬಳಸುವ ಒಂಟಿ ಅಜ್ಜಿಗೆ ಇಳಿಸಲು ಏನೂ ಇಲ್ಲ, ಸಿಗುವುದೂ ಇಲ್ಲ. ದೊಡ್ಡ ಮನೆ, ಎಲೆಕ್ಟ್ರಿಕ್ ಕಾರು, ಬ್ಯಾಟರಿ ಇದ್ದವರಿಗೆ ಹಬ್ಬ.

ಸುಮ್ನೆ_ಕೇಳ್ತೀನಿ
ಗೃಹಜ್ಯೋತಿಯಲ್ಲೂ ಇದೇ ಆಗಿದ್ದು ಅಲ್ವಾ! 200 ಯೂನಿಟ್ ಫ್ರೀ ಅಂದರು. ಆದರೆ ನಿಮಗೆಷ್ಟು ಫ್ರೀ ಅನ್ನುವುದು 2022-23ರ ನಿಮ್ಮ ಸರಾಸರಿ, ಅದರ ಮೇಲೆ ಶೇ 10. ಎಲ್‌ಇಡಿ ಹಾಕಿಸಿ, ಫ್ಯಾನ್ ಆರಿಸಿ ತಿಂಗಳಿಗೆ 60 ಯೂನಿಟ್‌ನಲ್ಲಿ ಬದುಕಿದವರಿಗೆ 66. ಪಕ್ಕದ ಮನೆಯಲ್ಲಿ ಎರಡು ಗೀಸರ್ ಓಡಿಸಿ 180 ಸುಟ್ಟವರಿಗೆ 198. ತೀರಾ ಕಮ್ಮಿ ಬಳಸುವವರಿಗೆ ಆಮೇಲೆ ಶೇಕಡಾ ಬದಲು 10 ಯೂನಿಟ್ ಅಂತ ಸ್ವಲ್ಪ ಸರಿಮಾಡಿದರು. ಆದರೂ ಹಳೇ ಬಳಕೆಯೇ ಅಳತೆಗೋಲು.

ಬಡವರಿಗೆ ಸೊನ್ನೆ ಬಿಲ್ ಬರಲಿ, ನನ್ನ ತಕರಾರಿಲ್ಲ. ಆದರೆ ಸೊನ್ನೆ ಬಿಲ್ ಬರುವ ಮನೆಗೆ ಸಂಜೆ ಶೇ 10 ಜಾಸ್ತಿ ಅಂದರೆ, ಸೊನ್ನೆಗೆ ಶೇ 10 ಎಷ್ಟು? ಈ ದರದ ಆಟ ಬಹುಪಾಲು ಮನೆಗಳ ಬಾಗಿಲಿಗೇ ಬರಲ್ಲ.

ಬೋರ್‌ವೆಲ್_ಭಾವ
ಎಲ್ಲಾ ಓದಿದೆ. ನಗು ಬಂತು. ನಮ್ಮದು ಚಳ್ಳಕೆರೆ ಕಡೆ. ಕಡಲೆಕಾಯಿ, ಈರುಳ್ಳಿ, ಈಗ ಸ್ವಲ್ಪ ಅಡಿಕೆ.

ಬಳಕೆಯ ಹೊತ್ತು ಬದಲಿಸಿ ಅಂತ ನಿಮ್ಮನ್ನು ಕೇಳಬೇಕಾ ಬೇಡವಾ, ಎಷ್ಟು ಕೊಡಬೇಕು ಅಂತ ಚರ್ಚೆ ಮಾಡುತ್ತಿದ್ದೀರಿ. ನಮ್ಮನ್ನು ಯಾರೂ ಕೇಳಿಲ್ಲ. ತಲೆಮಾರಿನಿಂದ ಬಳಕೆಯ ಹೊತ್ತು ಬದಲಿಸುತ್ತಲೇ ಇದ್ದೇವೆ. ಪಂಪ್ ಓಡಲು ಬೇಕಾದ ತ್ರೀ ಫೇಸ್ ಕರೆಂಟ್ ದಿನಕ್ಕೆ 7 ಗಂಟೆ ಅನ್ನುವುದು ಸರ್ಕಾರದ ಮಾತು. ಆ 7 ಗಂಟೆ ಯಾವಾಗ ಅನ್ನುವುದು ಬ್ಯಾಚ್ ಮೇಲೆ. ಒಂದು ವಾರ ಹಗಲು ಬ್ಯಾಚ್. ಇನ್ನೊಂದು ವಾರ ಹಗಲು ನಾಲ್ಕು, ರಾತ್ರಿ ಮೂರು. 2023ರಲ್ಲಿ ಮಳೆ ಕೈಕೊಟ್ಟಾಗ ಅಕ್ಟೋಬರ್‌ನಲ್ಲಿ 5 ಗಂಟೆಗೆ ಇಳಿಸಿದರು. ಗಲಾಟೆ ಆದ ಮೇಲೆ ಮತ್ತೆ 7 ಅಂದರು.

ರಾತ್ರಿ ಒಂದು ಗಂಟೆಗೆ ಕರೆಂಟ್ ಬಂದರೆ ಟಾರ್ಚ್ ಹಿಡಿದು ಗದ್ದೆ ಬದುವಿನಲ್ಲಿ ನಡೆಯಬೇಕು. ಹಾವು ಇರುತ್ತೆ. ಮಲೆನಾಡಿನ ಕಡೆ ಆನೆ. ಚಿರತೆ ಈಗ ಎಲ್ಲಾ ಕಡೆ. ನಿಮ್ಮ ಊರಿನಲ್ಲಿ ಸಂಜೆ ಫ್ಯಾನ್ ತಿರುಗಲಿ ಅಂತ ನಮ್ಮ ಪಂಪನ್ನು ರಾತ್ರಿಗೆ ತಳ್ಳಿದ್ದೇ ಈ ರಾಜ್ಯದ ಅತಿದೊಡ್ಡ ಡಿಮ್ಯಾಂಡ್ ರೆಸ್ಪಾನ್ಸ್, ಅಂದರೆ ನೀವು ಹೇಳುವ ಹೊತ್ತು ಬದಲಿಸುವ ಯೋಜನೆ. ಅದಕ್ಕೆ ಪಾಯಿಂಟೂ ಇಲ್ಲ, ಆ್ಯಪೂ ಇಲ್ಲ. ಫ್ರೀ ಕರೆಂಟ್ ಕೊಡ್ತೀವಲ್ಲ ಅನ್ನುತ್ತಾರೆ, ಗೊತ್ತು. ಫ್ರೀ ಅಂದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದೂ ಅದರ ಜೊತೆಗೇ ಬರುತ್ತೆ.

ರಿಟೈರ್ಡ್_ಎಇಇ
ನೂರಕ್ಕೆ ನೂರು ಸತ್ಯ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳ ಲೈನ್ ಬೇರೆ, ಪಂಪ್‌ಸೆಟ್ ಲೈನ್ ಬೇರೆ ಮಾಡಿದ ಮೇಲೆ ಇದು ಇನ್ನೂ ಸಲೀಸಾಯಿತು. ಸಬ್ ಸ್ಟೇಷನ್‌ನಲ್ಲಿ ಒಂದು ಸ್ವಿಚ್ ತೆಗೆದರೆ ಸಾಕು, ಒಂದೇ ಏಟಿಗೆ ಒಂದು ಮೆಗಾವಾಟ್ ಇಳಿಯುತ್ತೆ. ರಾಜ್ಯದಲ್ಲಿ ಪಂಪ್‌ಸೆಟ್ 30 ಲಕ್ಷಕ್ಕೂ ಜಾಸ್ತಿ ಇವೆ. ಅವು ಎದ್ದಾಗ ಪೀಕ್, ಮಲಗಿದಾಗ ನಿರಾಳ.

ಈಗ ಕಾಲ ಸ್ವಲ್ಪ ತಿರುಗಿದೆ. ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಬಂತು, ಬೇರೆ ಕಡೆಯೂ ಬಂದವು. ಹಗಲು ಕರೆಂಟ್ ಇದೆ. ಹಾಗಾಗಿ ಪಂಪನ್ನು ಹಗಲಿಗೆ ತರುವುದು ಗ್ರಿಡ್‌ಗೂ ಒಳ್ಳೆಯದು, ರೈತರಿಗೂ ಒಳ್ಳೆಯದು. ಅಪರೂಪಕ್ಕೆ ಇಬ್ಬರ ಲಾಭ ಒಂದೇ ಕಡೆ ಇದೆ.

ಮಹಡಿ_ಮನೆ
ಭಾವ, ಹಗಲು ಬ್ಯಾಚ್ ಪೂರ್ತಿ ಸಿಕ್ಕಿದರೆ ಸಮಸ್ಯೆ ಮುಗೀತಾ?

ಬೋರ್‌ವೆಲ್_ಭಾವ
ಎಲ್ಲಿ ಮುಗಿಯುತ್ತೆ? ಆಟೋ ಸ್ಟಾರ್ಟರ್ ಕತೆ ಹೇಳುತ್ತೇನೆ ಕೇಳಿ.

ಕರೆಂಟ್ ಯಾವಾಗ ಬರುತ್ತೋ ಗೊತ್ತಿಲ್ಲದ್ದಕ್ಕೆ ಎಲ್ಲರೂ ಆಟೋ ಹಾಕಿಸಿದ್ದಾರೆ. ತ್ರೀ ಫೇಸ್ ಬಂದ ತಕ್ಷಣ ಪಂಪ್ ತಾನೇ ಎದ್ದು ಓಡುತ್ತೆ. ಒಂದು ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಹತ್ತು ಹನ್ನೆರಡು ಪಂಪ್, ಎಲ್ಲಾ ಒಂದೇ ಸೆಕೆಂಡಿಗೆ. ಮೋಟಾರ್ ಏಳುವಾಗ ಓಡುವುದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಟಿಸಿ ಗುಂಯ್ ಅನ್ನುತ್ತೆ, ವೋಲ್ಟೇಜ್ ಪಾತಾಳಕ್ಕೆ ಹೋಗುತ್ತೆ, ಯಾವ ಮೋಟಾರೂ ಸರಿಯಾಗಿ ಏಳಲ್ಲ. ಫ್ಯೂಸ್ ಹೋದರೆ ಪುಣ್ಯ. ಟಿಸಿ ಸುಟ್ಟರೆ ಚಂದಾ ಎತ್ತಿ, ಟ್ರ್ಯಾಕ್ಟರ್ ಮಾಡಿ, ಆಫೀಸಿಗೆ ಅಲೆದು ಬೇರೆ ತರುವಷ್ಟರಲ್ಲಿ ಬೆಳೆ ಬಾಡಿರುತ್ತೆ.

ರೀಡಿಂಗ್_ಕನ್ನಡಿಗ
ಭಾವ, ಇದಕ್ಕೆ ಇಲ್ಲಿ ಕಾನೂನೇ ಇದೆ! ಪಂಪ್‌ಗೆ ಅಲ್ಲ, ಕಾರ್ ಚಾರ್ಜರ್‌ಗೆ. ರಾತ್ರಿ ಅಗ್ಗದ ದರ ಶುರುವಾದ ಕ್ಷಣಕ್ಕೆ ಲಕ್ಷಾಂತರ ಕಾರು ಒಟ್ಟಿಗೆ ಎಳೆದರೆ ಗ್ರಿಡ್‌ಗೆ ನಿಮ್ಮ ಟಿಸಿಯ ಗತಿಯೇ ಬರುತ್ತೆ. ಹಾಗಾಗಿ 2022ರ ಜೂನ್ 30ರಿಂದ ಮಾರುವ ಮನೆ ಚಾರ್ಜರ್‌ಗಳಲ್ಲಿ ರ‍್ಯಾಂಡಮ್ ಡಿಲೇ ಇರಲೇಬೇಕು. ಕರೆಂಟ್ ತಗೋ ಅಂದ ಮೇಲೂ ಪ್ರತಿ ಚಾರ್ಜರ್ ತನ್ನಷ್ಟಕ್ಕೆ ಸೊನ್ನೆಯಿಂದ ಹತ್ತು ನಿಮಿಷದೊಳಗೆ ಎಷ್ಟೋ ಹೊತ್ತು ಕಾದು ಶುರು ಮಾಡುತ್ತೆ. ಮಾಲೀಕರಿಗೆ ಗೊತ್ತೇ ಆಗಲ್ಲ. ಬೆಳಗ್ಗೆ 8ರಿಂದ 11, ಸಂಜೆ 4ರಿಂದ 10 ಚಾರ್ಜ್ ಮಾಡಬೇಡ ಅಂತ ಮೊದಲೇ ಸೆಟ್ ಆಗಿ ಬರುತ್ತೆ. ಬೇಕಾದವರು ಬದಲಿಸಿಕೊಳ್ಳಬಹುದು.

ಬೋರ್‌ವೆಲ್_ಭಾವ
ಅದನ್ನೇ ನಾವು ಕಾನೂನಿಲ್ಲದೆ ಮಾಡಿದ್ದೇವೆ. ಸ್ಟಾರ್ಟರ್ ಬೋರ್ಡ್‌ನಲ್ಲಿ ಟೈಮರ್ ಇರುತ್ತಲ್ಲ, ಸಣ್ಣ ತಿರುಪು. ಒಂದು ಸಲ ಟಿಸಿ ಸುಟ್ಟ ಮೇಲೆ ಎಲ್ಲಾ ಬೇವಿನ ಮರದ ಕೆಳಗೆ ಕೂತು ಮಾತಾಡಿ ಹಂಚಿಕೊಂಡೆವು. ಒಬ್ಬರದು ಒಂದು ನಿಮಿಷ, ಮುಂದಿನವರದು ಎರಡು, ಹೀಗೆ. ಆ ಬೇಸಿಗೆ ಟಿಸಿ ಸುಡಲಿಲ್ಲ.

ಆದರೆ ಜಗಳ ಬೇರೆ ಬಂತು. ಮೊದಲು ಏಳುವವರಿಗೆ ವೋಲ್ಟೇಜ್ ಚೆನ್ನಾಗಿ ಸಿಗುತ್ತೆ. ಕೊನೆಯವರಿಗೆ ಅಷ್ಟೊತ್ತಿಗೆ ಇಳಿದಿರುತ್ತೆ. ನಾನ್ಯಾಕೆ ಕೊನೆ ಅಂತ ಒಬ್ಬರು ಗುಟ್ಟಾಗಿ ತಿರುಪು ತಿರುಗಿಸಿದರು. ಈಗ ಯುಗಾದಿಗೊಮ್ಮೆ ಸರದಿ ಬದಲಾಯಿಸುತ್ತೇವೆ. ನಿಮ್ಮ ಸ್ಮಾರ್ಟ್ ಗ್ರಿಡ್ ಮಾಡುವವರು ಇದನ್ನೂ ಬರೆದುಕೊಳ್ಳಲಿ.

ಪೀಣ್ಯ_2ನೇ_ಹಂತ
ನಮ್ಮದು ಹೀಟ್ ಟ್ರೀಟ್‌ಮೆಂಟ್ ಯೂನಿಟ್, ಲೋಹದ ಭಾಗಗಳನ್ನು ಕುಲುಮೆಯಲ್ಲಿ ಕಾಯಿಸಿ ಹದ ಮಾಡುವ ಕೆಲಸ. ಎಚ್‌ಟಿ (ಹೈ ಟೆನ್ಷನ್) ಕನೆಕ್ಷನ್ ಇರುವ ಕೈಗಾರಿಕೆಗೆ ಈ ಹೊತ್ತಿನ ದರ ಹೊಸದೇನಲ್ಲ. ಸಂಜೆ 6ರಿಂದ 10 ಜಾಸ್ತಿ, ರಾತ್ರಿ 10ರಿಂದ ಬೆಳಗ್ಗೆ 6 ಕಮ್ಮಿ ಅಂತ ಎಷ್ಟೋ ವರ್ಷ ನಡೆಯಿತು. ಅದನ್ನು ನಂಬಿ ದೊಡ್ಡ ಫರ್ನೇಸ್ ಲೋಡ್ ರಾತ್ರಿ ಪಾಳಿಗೆ ಹಾಕಿದೆವು. ರಾತ್ರಿ ಕೆಲಸಕ್ಕೆ ಜನ ಹುಡುಕಿದೆವು, ವ್ಯಾನ್ ಮಾಡಿದೆವು. ಈಗ ಮಧ್ಯಾಹ್ನ ಅಗ್ಗ ಅನ್ನುತ್ತಿದ್ದಾರೆ. ಸರಿ, ಮಾಡೋಣ. ಆದರೆ ಫರ್ನೇಸ್ ಅಂದರೆ ಟ್ಯೂಬ್‌ಲೈಟ್ ಅಲ್ಲ. ಬಿಸಿ ಏರಿಸಲು ಗಂಟೆಗಟ್ಟಲೆ ಬೇಕು, ನಡುವೆ ನಿಲ್ಲಿಸಿದರೆ ಒಳಗಿರುವ ಮಾಲು ಹಾಳು. ಹತ್ತು ವರ್ಷ ಈ ಗಂಟೆಗಳು ಬದಲಾಗಲ್ಲ ಅಂತ ಬರೆದು ಕೊಟ್ಟರೆ ನಾವೂ ಹೂಡಿಕೆ ಮಾಡಬಹುದು.

ಡಲ್ಲಾಸ್_ದೋಸೆ
ನಾನು ಟೆಕ್ಸಸ್‌ನಲ್ಲಿರುವುದು. ಒಂದು ಎಚ್ಚರಿಕೆ ಹೇಳಲೇಬೇಕು. ಇಲ್ಲಿ ಗ್ರಿಡ್ಡಿ ಅಂತ ಒಂದು ಕಂಪನಿ ಇತ್ತು. ಸಗಟು ಮಾರುಕಟ್ಟೆ ದರವನ್ನೇ ನೇರ ಮನೆಗೆ ಕೊಡುತ್ತೇವೆ, ತಿಂಗಳಿಗೆ 10 ಡಾಲರ್ ಕೊಡಿ ಸಾಕು ಅನ್ನುತ್ತಿತ್ತು. ಮಾಮೂಲಿ ದಿನಗಳಲ್ಲಿ ಅಗ್ಗವೇ. 2021ರ ಫೆಬ್ರವರಿ ಚಳಿ ಬಿರುಗಾಳಿಯಲ್ಲಿ ದರ ಮಿತಿಗೆ ಮುಟ್ಟಿ ದಿನಗಟ್ಟಲೆ ಅಲ್ಲೇ ನಿಂತಿತು. ಯೂನಿಟ್‌ಗೆ 9 ಡಾಲರ್! ಕೆಲವರಿಗೆ ಸಾವಿರಾರು ಡಾಲರ್ ಬಿಲ್ ಬಂತು. ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಅದೇ ವರ್ಷ ಬೇಸಿಗೆಯಲ್ಲಿ ಇನ್ನೊಂದು. ಲಕ್ಕಿ ಡ್ರಾ ಆಸೆಗೆ ಒಂದು ಉಳಿತಾಯ ಯೋಜನೆಗೆ ಸೇರಿದ್ದ ಜನ ಮಧ್ಯಾಹ್ನ ಮಲಗಿ ಎದ್ದರೆ ಮನೆಯೆಲ್ಲಾ ಕಾದಿತ್ತು. ಎಸಿಯ ಥರ್ಮೋಸ್ಟಾಟನ್ನು ಕಂಪನಿಯವರು ದೂರದಿಂದಲೇ ಏರಿಸಿದ್ದರು. ಷರತ್ತಿನಲ್ಲಿ ಬರೆದಿತ್ತು, ಯಾರು ಓದುತ್ತಾರೆ?

ಕ್ಯಾಲಿಫೋರ್ನಿಯಾದಲ್ಲಿ ಮಾತ್ರ 2022ರ ಸೆಪ್ಟೆಂಬರ್ 6ರಂದು ಬರೀ ಒಂದು ಮೆಸೇಜ್ ಕೆಲಸ ಮಾಡಿತು. ಬೇಡಿಕೆ 52,000 ಮೆಗಾವಾಟ್ ದಾಟಿ ದಾಖಲೆ ಆಗಿತ್ತು. ಸಂಜೆ ಆರಕ್ಕೆ ಸ್ವಲ್ಪ ಮುಂಚೆ ಕೋಟಿಗಟ್ಟಲೆ ಮೊಬೈಲ್‌ಗೆ ಎಚ್ಚರಿಕೆ ಹೋಯಿತು. ಅರ್ಧ ಗಂಟೆಯೊಳಗೆ 2,000 ಮೆಗಾವಾಟ್ ಇಳಿಯಿತು, ಪವರ್ ಕಟ್ ತಪ್ಪಿತು. ಬಿಡಿಗಾಸೂ ಕೊಡಲಿಲ್ಲ. ಆದರೆ ವಾರಕ್ಕೆರಡು ಸಲ ಹೀಗೆ ಕೂಗಿದರೆ ಜನ ಫೋನ್ ತಿರುಗಿಸಿಯೂ ನೋಡಲ್ಲ.

ಒಂಟಿಕೊಪ್ಪಲ್
ಮೈಸೂರಿನಿಂದ ಒಂದು ಮಾತು. ದೇಶದಲ್ಲಿ ಸ್ಮಾರ್ಟ್ ಗ್ರಿಡ್ ಪ್ರಯೋಗಕ್ಕೆ ಆರಿಸಿದ 14 ಜಾಗಗಳಲ್ಲಿ ನಮ್ಮ ವಿ.ವಿ. ಮೊಹಲ್ಲಾ ಒಂದು. 21 ಸಾವಿರಕ್ಕೂ ಜಾಸ್ತಿ ಗ್ರಾಹಕರು. ಆದರೆ ಈ ಪ್ರಯೋಗ ನಡೆದಿದೆ ಅಂತ ನಮ್ಮ ಬೀದಿಯಲ್ಲಿ ಕೇಳಿದರೆ ಮೀಟರ್ ಬದಲಾಯಿಸಿದರು ಅನ್ನುತ್ತಾರೆ, ಅಷ್ಟೇ. ಮೀಟರ್ ಏನು ಹೇಳುತ್ತಿದೆ ಅಂತ ಮನೆಯವರಿಗೆ ಕಾಣದಿದ್ದರೆ ಅವರು ಭಾಗವಹಿಸುವುದಾದರೂ ಹೇಗೆ?

ಇನ್ನು ಖಾಸಗಿತನ. ಅರ್ಧ ಗಂಟೆಗೊಮ್ಮೆ ಲೆಕ್ಕ ಹೋದರೆ ಮನೆಯಲ್ಲಿ ಯಾರೂ ಇಲ್ಲ ಅನ್ನುವುದು ದೂರದವರಿಗೆ ಗೊತ್ತಾಗುತ್ತೆ. ನೆದರ್‌ಲ್ಯಾಂಡ್ಸ್‌ನ ಮೇಲ್ಮನೆ 2009ರಲ್ಲಿ ಕಡ್ಡಾಯ ಸ್ಮಾರ್ಟ್ ಮೀಟರ್ ಮಸೂದೆಯನ್ನು ತಡೆದದ್ದು ಇದೇ ಕಾರಣಕ್ಕೆ. ಇಲ್ಲಿ ನಾವು ಮೀಟರ್ ಬೆಲೆ ಬಗ್ಗೆ ಕಿತ್ತಾಡುತ್ತೇವೆ, ಅದೂ ಸರಿಯೇ. ಆದರೆ ಡೇಟಾ ಯಾರದು ಅಂತ ಒಬ್ಬರೂ ಕೇಳಲ್ಲ.

ಮಹಡಿ_ಮನೆ
ಇಷ್ಟೆಲ್ಲಾ ಓದಿದ ಮೇಲೆ ನಮ್ಮ ಕಟ್ಟಡದ ಎಲೆಕ್ಟ್ರಿಷಿಯನ್ ಜೊತೆ ಒಂದು ಸುತ್ತು ಹಾಕಿದೆ. ಫ್ಲ್ಯಾಟ್‌ಗಳಿಗಿಂತ ಕಾಮನ್ ಏರಿಯಾದಲ್ಲೇ ಸರಿಸಲು ಬರುವ ಲೋಡ್ ಜಾಸ್ತಿ ಇದೆ. ಸಂಪ್‌ನಿಂದ ಓವರ್‌ಹೆಡ್ ಟ್ಯಾಂಕ್‌ಗೆ ನೀರೆತ್ತುವ ಪಂಪ್ ಓಡುವುದು ಸಂಜೆ ಏಳೂವರೆಗೆ. ಯಾಕೆ ಅಂದರೆ ಸೆಕ್ಯೂರಿಟಿ ಪಾಳಿ ಬದಲಾಗುವ ಹೊತ್ತು, ಹೊಸಬರು ಬಂದ ತಕ್ಷಣ ಸ್ವಿಚ್ ಹಾಕುತ್ತಾರೆ! ಇದನ್ನು ಮಧ್ಯಾಹ್ನಕ್ಕೆ ತಂದರೆ ಯಾರ ಬದುಕೂ ಅಲುಗಾಡಲ್ಲ. ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಬ್ಲೋವರನ್ನು ಪೂರ್ತಿ ನಿಲ್ಲಿಸಿದರೆ ವಾಸನೆ ಬರುತ್ತೆ, ಅದನ್ನು ಮುಟ್ಟಲ್ಲ. ಸ್ಕೂಟರ್ ಚಾರ್ಜಿಂಗ್ ಎಲ್ಲರೂ ಆಫೀಸಿನಿಂದ ಬಂದು ಏಳಕ್ಕೆ ಹಾಕುತ್ತಾರೆ, ಹತ್ತಕ್ಕೆ ತುಂಬಿರುತ್ತೆ, ಬೆಳಗಿನವರೆಗೂ ಸುಮ್ನೆ ನಿಂತಿರುತ್ತೆ. ರಾತ್ರಿ ಹತ್ತೂವರೆಗೆ ಶುರುವಾಗುವ ಟೈಮರ್ ಹಾಕಿದರೆ ಸಾಕು. ಭಾವ ಹೇಳಿದ ಹಾಗೆ ಒಬ್ಬೊಬ್ಬರಿಗೆ ಸ್ವಲ್ಪ ಹಿಂದೆ ಮುಂದೆ.

ಮನೆಯೊಳಗೆ ನಿಜವಾದ ರಾಕ್ಷಸ ಗೀಸರ್. 25 ಲೀಟರ್ ಒಂದು ಸಲ ಕಾಯಲು ಸುಮಾರು 1 ಯೂನಿಟ್. ಅದು ಎಲ್ಲಾ ಮನೆಯಲ್ಲೂ ಬೆಳಗ್ಗೆ ಆರರಿಂದ ಎಂಟರ ನಡುವೆ. ಸೋಲಾರ್ ವಾಟರ್ ಹೀಟರ್ ಇದ್ದವರಿಗೆ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಬೇಟ್ ಕೊಡುವ ಪದ್ಧತಿ ಇಲ್ಲಿ ಬಹಳ ಕಾಲ ಇತ್ತು. ನನ್ನ ಪ್ರಕಾರ ಅದೇ ನಮ್ಮಲ್ಲಿ ನಿಜಕ್ಕೂ ಕೆಲಸ ಮಾಡಿದ ಯೋಜನೆ. ಬೆಂಗಳೂರಿನ ಹಳೇ ಬಡಾವಣೆಯ ತಾರಸಿಗಳನ್ನು ನೋಡಿದರೆ ಗೊತ್ತಾಗುತ್ತೆ.

ದರ ಪರಿಷ್ಕರಣೆಗೆ ಮುಂಚೆ ಆಯೋಗ ಸಾರ್ವಜನಿಕ ವಿಚಾರಣೆ ಮಾಡುತ್ತಲ್ಲ, ಅಲ್ಲಿಗೆ ನಮ್ಮ ಸಂಘದಿಂದ ಹೀಗೆ ಬರೆಯೋಣ ಅಂತಿದ್ದೇನೆ. ಗಂಟೆಗಳನ್ನು ಒಮ್ಮೆ ಗೊತ್ತುಮಾಡಿದರೆ ಕೆಲವು ವರ್ಷ ಬದಲಿಸಬೇಡಿ. ಮೀಟರ್ ಲೆಕ್ಕ ಮೊದಲು ಮನೆಯವರಿಗೆ ಕಾಣಲಿ. ದೂರದಿಂದ ಏನನ್ನೇ ಆರಿಸುವುದಾದರೆ ಬೇಡ ಅನ್ನುವ ಹಕ್ಕು ಇರಲಿ. ಸೊನ್ನೆ ಬಿಲ್‌ನವರಿಗೂ ಪೀಕ್‌ನಲ್ಲಿ ಇಳಿಸಿದರೆ ಹಣ ಸಿಗಲಿ, ಹಳೇ ಸರಾಸರಿಯಿಂದ ಅಳೆಯಬೇಡಿ. ಕೊನೆಯದಾಗಿ, ಪಂಪ್‌ಸೆಟ್‌ಗೆ ಹಗಲು ತ್ರೀ ಫೇಸ್ ಕೊಡಿ.

ರಿಟೈರ್ಡ್_ಎಇಇ
ಅರ್ಜಿ ಜೊತೆ ಅಫಿಡವಿಟ್ ಬೇಕಾ, ಎಷ್ಟು ಪ್ರತಿ ಬೇಕು ಅನ್ನುವುದು ನೋಟಿಸ್‌ನಲ್ಲಿ ಇರುತ್ತೆ, ನೋಡಿಕೊಳ್ಳಿ. ಹಾಗೇ ಕಳಿಸಿದರೆ ಮೂಲೆ ಸೇರುತ್ತೆ. ಇನ್ನೊಂದು ಸಾಲು ಸೇರಿಸಿ: ಸ್ಮಾರ್ಟ್ ಮೀಟರ್ ಬಂದ ಮೇಲೆ ಹಳೇ ಅವಧಿಗೆ ಮಂಜೂರಾದ ಲೋಡ್ ಮೀರಿದ ದಂಡ ಹಾಕುವ ಹಾಗಿಲ್ಲ ಅಂತ ಅದೇ 2023ರ ತಿದ್ದುಪಡಿಯಲ್ಲಿದೆ. ಅದು ಜನಕ್ಕೆ ಗೊತ್ತಿಲ್ಲ.

ಬೋರ್‌ವೆಲ್_ಭಾವ
ಪಂಪ್‌ಸೆಟ್ ಸಾಲು ಯಾಕೆ ಕೊನೆಗೆ ಹಾಕಿದ್ದೀರಿ?

ಮಹಡಿ_ಮನೆ
ಮೊದಲಿಗೆ ತಂದೆ. ಟೈಮರ್ ಸರದಿ ವಿಷಯವನ್ನೂ ಸೇರಿಸಲಾ?

ಬೋರ್‌ವೆಲ್_ಭಾವ
ಸೇರಿಸಿ. ಹೊಸ ಸ್ಟಾರ್ಟರ್‌ಗೆಲ್ಲ ಕಂಪನಿಯಲ್ಲೇ ಹಾಕಿ ಕಳಿಸಲಿ, ತಿರುಪು ಮಾತ್ರ ಹೊರಗೆ ಇರಬಾರದು. ಈಗ ಬರಲಾ, ತ್ರೀ ಫೇಸ್ ಬಂತು.